ಅಮ್ಮನ ಕ್ಯಾನ್ಸರ್ ಬಗ್ಗೆಯೂ ಕೇಳಿ, ಆಮೇಲೆ ‘ವಾಕಿಂಗ್ ಮಾಡಿ’ ಅನ್ನಿ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತೆ ಇದನ್ನು ಓದುವ ಅಕ್ಕ ತಂಗಿಯರಿಗೆ ನಮಸ್ಕಾರ.

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಬಂದು ಒಂದು ಫಾರಂ ತುಂಬಿಸಿಕೊಂಡು ಹೋಗುತ್ತಾರೆ. ಅದರಲ್ಲಿ ವಯಸ್ಸು, ತಂಬಾಕು, ಕುಡಿತ ಎಲ್ಲ ಕೇಳುತ್ತಾರೆ. ಟೇಪು ಹಿಡಿದು ಸೊಂಟ ಅಳೆಯುತ್ತಾರೆ. ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಮೈಗೆ ಕೆಲಸ ಇದೆಯಾ ಅಂತ ಕೇಳುತ್ತಾರೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಶುಗರ್, ಹಾರ್ಟಿನ ತೊಂದರೆ ಇದೆಯಾ ಅಂತಲೂ ಕೇಳುತ್ತಾರೆ. ಎಲ್ಲ ಸರಿ. ಆದರೆ ಆ ಸಾಲಿನಲ್ಲಿ ಕ್ಯಾನ್ಸರ್ ಇಲ್ಲ. ‘ನಿಮಗೆ ಎದೆಯಲ್ಲಿ ಗಂಟು ಇದೆಯಾ’ ಅನ್ನುವ ಪ್ರಶ್ನೆ ಇದೆ, ‘ನಿಮ್ಮ ಅಮ್ಮನಿಗೆ ಇತ್ತಾ, ಚಿಕ್ಕಮ್ಮನಿಗೆ ಇತ್ತಾ, ಅಪ್ಪನ ತಂಗಿಗೆ ಇತ್ತಾ’ ಅನ್ನುವ ಪ್ರಶ್ನೆ ಇಲ್ಲ.

ನನ್ನಂಥವರಿಗೆ ಈ ಇಲ್ಲದ ಪ್ರಶ್ನೆಯೂ ಬೇಕು, ಆ 150 ನಿಮಿಷದ ಪ್ರಶ್ನೆಯೂ ಬೇಕು. ಎರಡೂ ಒಟ್ಟಿಗೆ ಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲು ಶಿಕ್ಷಕಿ. ಅಮ್ಮನಿಗೆ ನಲವತ್ತರ ಆಸುಪಾಸಿನಲ್ಲೇ ಸ್ತನ ಕ್ಯಾನ್ಸರ್ ಬಂತು. ದೊಡ್ಡಮ್ಮನಿಗೆ ಅಂಡಾಶಯದ ಕ್ಯಾನ್ಸರ್. ತುಂಬಾ ವರ್ಷ ನಮ್ಮ ಮನೆಯಲ್ಲಿ ಇದನ್ನು ‘ಹಣೆಬರಹ’ ಅಂತಲೇ ಕರೆದರು. ಆಮೇಲೆ ಒಬ್ಬ ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅಂದರು. ಬಿಆರ್‌ಸಿಎ 1 ಅನ್ನುವ ಜೀನಿನಲ್ಲಿ ದೋಷ ಇದೆ ಅಂತ ರಿಪೋರ್ಟ್ ಬಂತು. ನನಗೆ ಕ್ಯಾನ್ಸರ್ ಇಲ್ಲ. ಬರುವ ಸಾಧ್ಯತೆ ಮಾತ್ರ ಬೇರೆಯವರಿಗಿಂತ ತುಂಬಾ ಜಾಸ್ತಿ.

ಎಷ್ಟು ಜಾಸ್ತಿ? 2017ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬಿಆರ್‌ಸಿಎ 1 ಅಥವಾ 2ರಲ್ಲಿ ದೋಷ ಇರುವ 100 ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವರ್ಷದ ಒಳಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅಂಡಾಶಯದ ಕ್ಯಾನ್ಸರ್ ಬಿಆರ್‌ಸಿಎ 1 ಇದ್ದರೆ 100ಕ್ಕೆ 44, ಬಿಆರ್‌ಸಿಎ 2 ಇದ್ದರೆ 17. ಈ ದೋಷ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡುಮಕ್ಕಳಿಗೂ ದಾಟುತ್ತದೆ, ಅಪ್ಪನ ಕಡೆಯಿಂದಲೂ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ತಾಯಿಯ ತವರಿನ ಕಡೆ ಮಾತ್ರ ಬೆರಳು ತೋರಿಸುತ್ತಾರೆ. ಎಲ್ಲ ಸ್ತನ ಕ್ಯಾನ್ಸರೂ ಹೀಗೆ ಮನೆತನದಲ್ಲಿ ಬರುವುದಲ್ಲ, ನೂರರಲ್ಲಿ ಐದರಿಂದ ಹತ್ತು ಮಾತ್ರ. ಆದರೆ ನಮ್ಮ ದೇಶದಲ್ಲಿ 2022ರ ಒಂದೇ ವರ್ಷಕ್ಕೆ ಅಂದಾಜು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ. ಅದರಲ್ಲಿ ಐದು ಪರ್ಸೆಂಟ್ ಅಂದರೂ ಎಷ್ಟು ಮನೆ ಆಯಿತು, ಆ ಮನೆಗಳಲ್ಲಿ ಎಷ್ಟು ಅಕ್ಕ ತಂಗಿಯರು, ಎಷ್ಟು ಹೆಣ್ಣುಮಕ್ಕಳು, ನೀವೇ ಲೆಕ್ಕ ಹಾಕಿ.

ರಿಪೋರ್ಟ್ ಬಂದ ಮೇಲೆ ನನಗೆ ಎಂಆರ್‌ಐ ಬಗ್ಗೆ ಹೇಳಿದರು, ಮ್ಯಾಮೊಗ್ರಾಂ ಅಂದರೆ ಸ್ತನದ ಎಕ್ಸ್‌ರೇ ಬಗ್ಗೆ ಹೇಳಿದರು, ಮುಂಜಾಗ್ರತೆಗೆ ಮಾಡುವ ಆಪರೇಷನ್ ಬಗ್ಗೆ ಹೇಳಿದರು. ಎಲ್ಲ ತಾಳ್ಮೆಯಿಂದ, ಚಿತ್ರ ಬರೆದು ಹೇಳಿದರು. ಆ ವಿಷಯದಲ್ಲಿ ನನ್ನದೇನೂ ದೂರಿಲ್ಲ. ಕೊನೆಗೆ ನಾನು ಏಳುವ ಹೊತ್ತಿಗೆ, ‘ಹಾಂ, ವಾಕಿಂಗ್ ಮಾಡ್ತಾ ಇರಿ’ ಅಂದರು. ಅಷ್ಟೇ. ಎಷ್ಟು ಹೊತ್ತು, ಎಷ್ಟು ಜೋರಾಗಿ, ಏನು ಪ್ರಯೋಜನ, ಬರೀ ವಾಕಿಂಗ್ ಸಾಕಾ, ಒಂದೂ ಇಲ್ಲ. ಬೇರೆ ಊರುಗಳ ಇದೇ ಥರದ ಹೆಂಗಸರನ್ನು ಕೇಳಿದೆ. ಎಲ್ಲರಿಗೂ ಬಾಗಿಲ ಹತ್ತಿರ ಸಿಕ್ಕಿದ್ದು ಅದೇ ಒಂದು ಸಾಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೀನೇ ಹಾಳಾಗಿರುವಾಗ ಓಡಿ ಕುಣಿದು ಏನು ಪ್ರಯೋಜನ ಅಂತ ನಮ್ಮವರಿಗೆಲ್ಲ ಅನ್ನಿಸುತ್ತದೆ. ನನ್ನ ಸೋದರತ್ತೆಯ ಮಗಳು ಒಬ್ಬಳಿದ್ದಾಳೆ, ಕಾಲೇಜಿನಲ್ಲಿ ಥ್ರೋಬಾಲ್ ಆಡುತ್ತಿದ್ದವಳು. ರಿಪೋರ್ಟ್ ಬಂದ ದಿನದಿಂದ ಎಲ್ಲ ಬಿಟ್ಟಳು. ‘ಬರೋದು ಬಂದೇ ಬರುತ್ತೆ ಬಿಡೇ’ ಅನ್ನುತ್ತಾಳೆ. ಅವಳಿಗೆ ನಾನು ಹೇಳುವುದು ಅಮೆರಿಕದ ಜೀನ್ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರ ಕೆಲಸದ ಬಗ್ಗೆ. ಬಿಆರ್‌ಸಿಎ 1 ಜೀನು 17ನೇ ಕ್ರೋಮೋಸೋಮಿನಲ್ಲಿ ಇದೆ ಅಂತ 1990ರಲ್ಲಿ ಜಗತ್ತಿಗೆ ತೋರಿಸಿದವರೇ ಅವರು. 2003ರಲ್ಲಿ ಅವರ ತಂಡ ನ್ಯೂಯಾರ್ಕಿನ ಯೆಹೂದಿ ಕುಟುಂಬಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಜೀನ್ ದೋಷ ಇರುವವರಲ್ಲೇ, 1940ಕ್ಕಿಂತ ಮೊದಲು ಹುಟ್ಟಿದ ಹೆಂಗಸರಿಗೆ 50 ವರ್ಷದ ಒಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ 100ಕ್ಕೆ 24 ಇತ್ತು. 1940ರ ನಂತರ ಹುಟ್ಟಿದವರಲ್ಲಿ ಅದು 67ಕ್ಕೆ ಏರಿತ್ತು. ಅದೇ ಜೀನು, ಅದೇ ಮನೆತನ, ಅಜ್ಜಿಗೂ ಮೊಮ್ಮಗಳಿಗೂ ಇಷ್ಟು ವ್ಯತ್ಯಾಸ. ಅಂದಮೇಲೆ ಜೀನಿನ ಆಚೆಗೂ ಏನೋ ಕೆಲಸ ಮಾಡುತ್ತಿದೆ, ಅಲ್ವಾ? ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಂಡಿತು. ಹದಿವಯಸ್ಸಿನಲ್ಲಿ ಆಟ ಓಟ ಇದ್ದವರಲ್ಲಿ, ಆಗ ಜಾಸ್ತಿ ದಪ್ಪ ಇಲ್ಲದಿದ್ದವರಲ್ಲಿ ಕ್ಯಾನ್ಸರ್ ಬಂದರೂ ತಡವಾಗಿ ಬಂದಿತ್ತು.

ಇದನ್ನು ಹಿಗ್ಗಿಸಿ ಹೇಳಬಾರದು. ವ್ಯಾಯಾಮದಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ತಡವಾಗಿ ಬಂತು ಅಂದರೆ ಬರಲೇ ಇಲ್ಲ ಅಂತಲೂ ಅಲ್ಲ. ಆದರೆ ನಲವತ್ತಕ್ಕೆ ಬರುವುದು ಐವತ್ತೈದಕ್ಕೆ ಬಂದರೆ ಆ ಹದಿನೈದು ವರ್ಷದಲ್ಲಿ ಮಕ್ಕಳ ಎಸೆಸೆಲ್ಸಿ ಮುಗಿದಿರುತ್ತದೆ, ಸಾಲ ತೀರಿರುತ್ತದೆ. ನಮಗೆ ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ತುದಿಯವರೂ ಇದ್ದಾರೆ. ನನಗೆ ಗೊತ್ತಿರುವ ಒಬ್ಬರು ದಿನಾ ಬೆಳಗ್ಗೆ ಸೂರ್ಯನಮಸ್ಕಾರ ಮಾಡುತ್ತಾರೆ, ತುಂಬಾ ಚೆನ್ನಾಗಿಯೇ ಮಾಡುತ್ತಾರೆ, ಆದರೆ ‘ನಾನು ಯೋಗ ಮಾಡ್ತೀನಲ್ಲ, ನನಗ್ಯಾಕೆ ಮ್ಯಾಮೊಗ್ರಾಂ’ ಅಂತ ಆಸ್ಪತ್ರೆಗೇ ಹೋಗುವುದಿಲ್ಲ. ವಾಟ್ಸಾಪಿನಲ್ಲಿ ಬರುವ ಪ್ರಾಣಾಯಾಮದ ವಿಡಿಯೋಗಳು ಇಂಥವರನ್ನು ಇನ್ನಷ್ಟು ಹಾಳು ಮಾಡಿವೆ. ಜೀನ್ ದೋಷ ಇದ್ದವರಿಗೆ ವ್ಯಾಯಾಮ ಯಾವತ್ತೂ ತಪಾಸಣೆಯ ಬದಲಿಗೆ ಅಲ್ಲ, ಆಪರೇಷನ್ ಬದಲಿಗೂ ಅಲ್ಲ. ಇದನ್ನು ಇಲಾಖೆಯೇ ದೊಡ್ಡ ಅಕ್ಷರದಲ್ಲಿ ಹೇಳಬೇಕು. ಇಲ್ಲದಿದ್ದರೆ ನಾಳೆ ವ್ಯಾಯಾಮ ಮಾಡಿಯೂ ಕ್ಯಾನ್ಸರ್ ಬಂದವಳಿಗೆ ‘ಸರಿಯಾಗಿ ಮಾಡಿರಲ್ಲ ಬಿಡು’ ಅನ್ನುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಈ ಎರಡು ತುದಿಗಳ ನಡುವೆ ಇರುವವರು ನಾವು ಬಹಳಷ್ಟು ಮಂದಿ. ಮಾಡಬೇಕು ಅನ್ನಿಸುತ್ತದೆ, ಮಾಡಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದು ನಿಮ್ಮ ಕಚೇರಿಗಳಲ್ಲಿ ಎಷ್ಟು ಗೊತ್ತೋ ಕಾಣೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಹೆಂಗಸೊಬ್ಬಳು ಶೂ ಹಾಕಿಕೊಂಡು ಬೀದಿಗೆ ಬಂದರೆ ಮೊದಲು ಬರುವ ಪ್ರಶ್ನೆ, ‘ಏನ್ರೀ, ಶುಗರ್ ಬಂತಾ?’ ಕಾಯಿಲೆ ಇಲ್ಲದ ಹೆಂಗಸು ಸುಮ್ನೆ ನಡೆಯುತ್ತಾಳೆ ಅಂದರೆ ಯಾರೂ ನಂಬುವುದಿಲ್ಲ. ಜೀನ್ ವಿಷಯ ಹೇಳುವ ಹಾಗಿಲ್ಲ, ಯಾಕೆಂದರೆ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇರುತ್ತಾಳೆ. ಹಾಗಾಗಿ ಶುಗರ್ ಅಂತಲೇ ಹೇಳಿ ಮುಂದೆ ಹೋಗುವವರನ್ನೂ ನೋಡಿದ್ದೇನೆ. ಬೆಳಗ್ಗೆ ಬೇಗ ಹೊರಟರೆ ಬೀದಿ ದೀಪ ಇಲ್ಲ, ನಾಯಿ ಕಾಟ, ಸರಗಳ್ಳರ ಭಯ. ಮಾಂಗಲ್ಯ ಬಿಚ್ಚಿಟ್ಟು ಹೋಗು ಅಂದರೆ ಅತ್ತೆ ಒಪ್ಪುವುದಿಲ್ಲ. ಬೆಳಕಾದ ಮೇಲೆ ಹೊರಡೋಣ ಅಂದರೆ ನಲ್ಲಿ ನೀರು, ತಿಂಡಿ, ಡಬ್ಬಿ. ಸಂಜೆ ಮೈದಾನದಲ್ಲಿ ಹುಡುಗರ ಕ್ರಿಕೆಟ್. ಪಾರ್ಕಿನಲ್ಲಿ ಓಪನ್ ಜಿಮ್ ಅಂತ ಮಾಡಿದ್ದೀರಿ, ಒಳ್ಳೆಯದೇ, ಆದರೆ ಅಲ್ಲಿ ಗಂಡಸರು ಗುಂಪಾಗಿ ನಿಂತು ರಾಜಕೀಯ ಮಾತಾಡುತ್ತಿರುವಾಗ ಚೂಡಿದಾರದ ದುಪಟ್ಟ ಸರಿಮಾಡಿಕೊಳ್ಳುತ್ತಾ ಆ ಮೆಷಿನ್ ಮೇಲೆ ಕೂರಲು ಎಷ್ಟು ಧೈರ್ಯ ಬೇಕು ಅಂತ ಒಮ್ಮೆ ನಿಮ್ಮ ಮನೆಯ ಹೆಂಗಸರನ್ನು ಕೇಳಿ. ಎದೆಗೆ ಸರಿಯಾದ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾ ನಮ್ಮ ತಾಲ್ಲೂಕು ಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕರೂ ಕೌಂಟರಿನಲ್ಲಿ ನಿಂತ ಹುಡುಗನ ಹತ್ತಿರ ಕೇಳುವವರು ಯಾರು? ಅದಿಲ್ಲದೆ ಬೇಗ ನಡೆದರೆ ಎದೆ ನೋವು ಬರುತ್ತದೆ. ಆ ಮನೆತನದ ಹೆಂಗಸಿಗೆ ಎದೆಯಲ್ಲಿ ಸಣ್ಣ ನೋವು ಬಂದರೆ ಜೀವ ಬಾಯಿಗೆ ಬರುತ್ತದೆ. ಓಡಿದರೆ, ಜಿಗಿದರೆ ಎದೆಗೆ ಪೆಟ್ಟಾಗಿ ಅದೇ ಗಂಟಾಗುತ್ತದೆ ಅಂತ ನಂಬಿದವರೂ ಇದ್ದಾರೆ. ಇದು ಸುಳ್ಳು ಅಂತ ಅವರಿಗೆ ಯಾರೂ ಹೇಳಿಲ್ಲ.

ಮನೆ ಕೆಲಸದ ಮಾತು ಬಂದೇ ಬರುತ್ತದೆ. ‘ಬೆಳಗ್ಗಿಂದ ದುಡೀತೀನಿ, ಅದೇ ವ್ಯಾಯಾಮ.’ ಇದನ್ನು ತಮಾಷೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಕಳೆ ಕೀಳುವವಳಿಗೆ, ಕೊಡ ಹೊತ್ತು ನೀರು ತರುವವಳಿಗೆ 150 ನಿಮಿಷದ ಪಾಠ ಹೇಳಲು ಹೋಗಬೇಡಿ, ಅವಳು ಅದನ್ನು ಎರಡು ದಿನದಲ್ಲಿ ಮುಗಿಸಿರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಮನೆ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಅದೇ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಉಸಿರು ಸ್ವಲ್ಪ ಏರುವ ಚಟುವಟಿಕೆ ಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಅನ್ನುತ್ತದೆ. ಅಳತೆ ಸುಲಭ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಗ್ಯಾಸ್ ಮುಂದೆ ನಿಂತು ಚಪಾತಿ ಲಟ್ಟಿಸುವಾಗ ನಾನು ಆರಾಮಾಗಿ ಹಾಡು ಹೇಳಬಲ್ಲೆ. ಸುಸ್ತಾಗುತ್ತದೆ, ಕಾಲು ನೋಯುತ್ತದೆ, ಆದರೆ ಹೃದಯಕ್ಕೆ ಸಿಗಬೇಕಾದ್ದು ಸಿಗುವುದಿಲ್ಲ. ಪೇಟೆಯಲ್ಲಿ ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಮೇಲೆ ನಮ್ಮಂಥವರ ದುಡಿಮೆ ಬಹಳಷ್ಟು ಹೀಗೇ ಆಗಿದೆ. 2022ರ ಲೆಕ್ಕದಲ್ಲಿ ಭಾರತದ ವಯಸ್ಕ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಗಂಡಸರಲ್ಲಿ 42. ಮೇಲೆ ಹೇಳಿದ ಬೀದಿ ದೀಪ, ಪಾರ್ಕು, ದುಪಟ್ಟ ಎಲ್ಲ ಈ ವ್ಯತ್ಯಾಸದೊಳಗೆ ಇವೆ.

ಆಪರೇಷನ್ ಆದವರ ಕಥೆ ಬೇರೆ, ಮತ್ತು ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಬಿಆರ್‌ಸಿಎ 1 ಇರುವವರಿಗೆ, ಮಕ್ಕಳು ಸಾಕು ಅಂದಮೇಲೆ, 35ರಿಂದ 40ರ ಒಳಗೆ ಅಂಡಾಶಯ ಮತ್ತು ಅಂಡನಾಳ ತೆಗೆಸಿಕೊಳ್ಳಲು ಹೇಳುತ್ತಾರೆ. ಬಿಆರ್‌ಸಿಎ 2 ಆದರೆ ಸ್ವಲ್ಪ ತಡವಾದರೂ ಆಗುತ್ತದೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯುವ ನಂಬಿಕಸ್ಥ ತಪಾಸಣೆ ಇಲ್ಲ, ಅದಕ್ಕೆ. ನಾನೂ ತೆಗೆಸಿಕೊಂಡೆ, ಆ ತೀರ್ಮಾನದ ಬಗ್ಗೆ ನನಗೆ ಬೇಜಾರಿಲ್ಲ. ಆದರೆ ಹತ್ತಿಪ್ಪತ್ತು ವರ್ಷ ಬಿಟ್ಟು ನಿಧಾನಕ್ಕೆ ನಿಲ್ಲಬೇಕಾದ ಮುಟ್ಟು ಒಂದೇ ದಿನದಲ್ಲಿ ನಿಲ್ಲುತ್ತದೆ. ಮೈ ಬಿಸಿ ಏರುತ್ತದೆ, ನಿದ್ದೆ ಹೋಗುತ್ತದೆ. ಕಣ್ಣಿಗೆ ಕಾಣದ ಹಾಗೆ ಮೂಳೆ ಸವೆಯಲು ಶುರುವಾಗುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಹಾರ್ಮೋನ್ ಚಿಕಿತ್ಸೆ ಯಾರಿಗೆ ಸರಿ, ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು. ಆದರೆ ಮೂಳೆಗೆ ಭಾರ ಬೇಕು, ಸ್ನಾಯುವಿಗೆ ಕೆಲಸ ಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಅಂದರೆ ಕ್ಯಾನ್ಸರ್ ತಡೆಯುತ್ತದೋ ಇಲ್ಲವೋ ಅನ್ನುವ ಚರ್ಚೆ ಪಕ್ಕಕ್ಕಿಟ್ಟರೂ ನಮಗೆ ವ್ಯಾಯಾಮ ಬೇಕೇ ಬೇಕು, ನೀವು ಮಾಡಿದ ಆಪರೇಷನ್ನಿನ ಕಾರಣಕ್ಕೇ ಬೇಕು. ಆದರೆ ನನಗೆ ಮನೆಗೆ ಕಳಿಸುವಾಗ ಕೊಟ್ಟಿದ್ದು ಕ್ಯಾಲ್ಸಿಯಂ ಮಾತ್ರೆ. ಮನೆಯವರು ಹೇಳಿದ್ದು, ‘ಇನ್ಮೇಲೆ ಭಾರ ಎತ್ತಬೇಡ, ರೆಸ್ಟ್ ತಗೋ.’ ಗಾಯ ಮಾಯುವ ವಾರಗಳಿಗೆ ಆ ಮಾತು ಸರಿ. ನಮ್ಮಲ್ಲಿ ಅದು ಜೀವನಪೂರ್ತಿಯ ಕಟ್ಟಳೆ ಆಗಿಬಿಡುತ್ತದೆ.

ಸ್ತನದ ಆಪರೇಷನ್ ಆದವರಿಗೂ ಇದೇ ಗೋಳು. ಕಂಕುಳಿನ ಗ್ರಂಥಿ ತೆಗೆದಿದ್ದರೆ ಕೈ ಊದಿಕೊಳ್ಳಬಹುದು, ಅದಕ್ಕೆ ಆ ಕೈಯಲ್ಲಿ ಏನೂ ಎತ್ತಬೇಡಿ ಅಂತ ಹೇಳಿ ಹೇಳಿ ಆ ಕೈಯನ್ನೇ ನಿಷ್ಕ್ರಿಯ ಮಾಡಿಬಿಡುತ್ತಾರೆ. 2009ರಲ್ಲೇ ಅಮೆರಿಕದ ಒಂದು ಅಧ್ಯಯನ ಇದನ್ನು ಪರೀಕ್ಷೆ ಮಾಡಿದೆ. ಆಗಲೇ ಕೈ ಊತ ಇದ್ದ 141 ಹೆಂಗಸರಲ್ಲಿ ಒಂದು ಗುಂಪಿಗೆ ಮೇಲ್ವಿಚಾರಣೆಯಲ್ಲಿ ವಾರಕ್ಕೆ ಎರಡು ಸಲ ನಿಧಾನಕ್ಕೆ ಏರಿಸುತ್ತಾ ಭಾರ ಎತ್ತಿಸಿದರು. ಊತ ಜಾಸ್ತಿ ಆಗಲಿಲ್ಲ, ಕೈಯ ಬಲ ಹೆಚ್ಚಾಯಿತು, ಊತ ಉಲ್ಬಣ ಆಗುವುದು ಕಡಿಮೆಯೇ ಆಯಿತು. ಈ ಸುದ್ದಿ ನಮ್ಮ ತಾಲ್ಲೂಕಿಗೆ ಇನ್ನೂ ಬಂದಿಲ್ಲ.

ಜರ್ಮನಿಯಲ್ಲಿ ಬಿಆರ್‌ಸಿಎ ಇರುವ ಹೆಂಗಸರಿಗಾಗಿಯೇ ‘ಲಿಬ್ರೆ’ ಅನ್ನುವ ಅಧ್ಯಯನ ಮಾಡಿದರು. ಮ್ಯೂನಿಕ್, ಕಲೋನ್, ಕೀಲ್ ಈ ಮೂರು ಊರುಗಳಲ್ಲಿ ಶುರುವಾಯಿತು. ಸೈಕಲ್ ತುಳಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಯಾರ ಮೈಗೆ ಎಷ್ಟು ಆಮ್ಲಜನಕ ಬಳಸುವ ತಾಕತ್ತಿದೆ ಅಂತ ಮೊದಲು ಅಳೆದರು. ಆಮೇಲೆ ಒಂದು ಗುಂಪಿಗೆ ಮೂರು ತಿಂಗಳು ತರಬೇತುದಾರರ ಎದುರಿಗೇ ವ್ಯಾಯಾಮ ಮತ್ತು ಊಟದ ಪಾಠ, ಅದಾದ ಮೇಲೂ ತಿಂಗಳು ತಿಂಗಳು ಭೇಟಿ. ಮೊದಲ ಸುತ್ತಿನಲ್ಲಿ ಈ ಗುಂಪಿನವರ ಊಟದ ಅಭ್ಯಾಸ, ತೂಕ, ಮನಸ್ಸಿನ ಒತ್ತಡ ಇವೆಲ್ಲ ಸುಧಾರಿಸಿದ್ದು ಕಂಡಿತು. ಕ್ಯಾನ್ಸರ್ ತಪ್ಪುತ್ತದಾ ಅನ್ನುವುದಕ್ಕೆ ಅಷ್ಟು ಚಿಕ್ಕ ಅಧ್ಯಯನ ಉತ್ತರ ಕೊಡಲಾರದು. ನನ್ನ ಕಣ್ಣಿಗೆ ಬಿದ್ದಿದ್ದು ಎರಡನೇ ಗುಂಪು. ಹೋಲಿಕೆಗೆ ಅಂತ ಇಟ್ಟುಕೊಂಡ, ಅಂದರೆ ‘ಏನೂ ವಿಶೇಷ ಕೊಡದ’ ಆ ಗುಂಪಿಗೂ ಊಟ, ವ್ಯಾಯಾಮದ ಬಗ್ಗೆ ಒಂದು ಪೂರ್ತಿ ಪಾಠ ಮಾಡಿದ್ದರು. ನಮಗೆ ಇಲ್ಲಿ ಅದೂ ಸಿಕ್ಕಿಲ್ಲ.

ಜರ್ಮನಿಯ ಸೈಕಲ್ಲು, ಮಾಸ್ಕು ಕೇಳುತ್ತಿಲ್ಲ ನಾನು. ನಿಮ್ಮ ಹತ್ತಿರ ಆಗಲೇ ಇರುವುದನ್ನೇ ಸ್ವಲ್ಪ ಜೋಡಿಸಿ ಅಂತ ಕೇಳುತ್ತಿದ್ದೇನೆ.

ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿ. ಅಮ್ಮ, ಅಕ್ಕ ತಂಗಿ, ಅಜ್ಜಿ, ಚಿಕ್ಕಮ್ಮ ದೊಡ್ಡಮ್ಮ, ಸೋದರತ್ತೆ, ಇವರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ, ಯಾವ ವಯಸ್ಸಿನಲ್ಲಿ ಬಂತು. ಗಂಡಸರನ್ನೂ ಕೇಳಿ. ಫಾರಂ ದಿಲ್ಲಿಯಿಂದ ಬರುವುದು, ತಿದ್ದಲು ಆಗುವುದಿಲ್ಲ ಅಂದರೆ, 2024ರಲ್ಲಿ ಕೋಲಾರದಲ್ಲಿ ಶುರುಮಾಡಿದ, ಮನೆ ಮನೆಗೆ ಬಂದು ತಪಾಸಣೆ ಮಾಡುವ ‘ಗೃಹ ಆರೋಗ್ಯ’ ನಿಮ್ಮದೇ ಯೋಜನೆ ತಾನೇ, ಅದರ ಜೊತೆ ಒಂದು ಚೀಟಿ ಲಗತ್ತಿಸಿ. ಹೌದು ಅಂದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಬೇಕಾದವರು ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಹೋಗಲಿ. ಇನ್ನೊಂದು ಮಾತು. ನಿಮ್ಮ ತಪಾಸಣೆ ಮೂವತ್ತಕ್ಕೆ ಶುರುವಾಗುತ್ತದೆ. ಜೀನ್ ದೋಷ ಇರುವವರಿಗೆ ಇಪ್ಪತ್ತೈದರಿಂದಲೇ ನಿಗಾ ಬೇಕು ಅಂತ ತಜ್ಞರು ಹೇಳುತ್ತಾರೆ. ಈ ಐದು ವರ್ಷ ಯಾರ ಲೆಕ್ಕಕ್ಕೂ ಇಲ್ಲ.

ವ್ಯಾಯಾಮವನ್ನು ಚೀಟಿಯಲ್ಲಿ ಬರೆದು ಕೊಡಿ. ಮಾತ್ರೆ ಬರೆದ ಹಾಗೇ ಬರೆಯಿರಿ: ಯಾವುದು, ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ, ಎಲ್ಲಿ ನಿಲ್ಲಿಸಬೇಕು. ಫಿಸಿಯೋಥೆರಪಿಸ್ಟ್ ಇರುವ ಕಡೆ ಅವರ ಹತ್ತಿರ ಕಳಿಸಿ. ನಮ್ಮಲ್ಲಿ ಬಾಯಿಮಾತಿಗಿಂತ ಚೀಟಿಗೆ ಬೆಲೆ ಜಾಸ್ತಿ. ‘ಡಾಕ್ಟರು ಬರೆದು ಕೊಟ್ಟಿದ್ದಾರೆ’ ಅಂದರೆ ಅತ್ತೆ ಸುಮ್ಮನಾಗುತ್ತಾರೆ, ಗಂಡ ತಿಂಡಿ ಮಾಡಿಕೊಳ್ಳುತ್ತಾನೆ. ತಮಾಷೆಗೆ ಹೇಳುತ್ತಿಲ್ಲ, ಎಷ್ಟೋ ಮನೆಯಲ್ಲಿ ಹೆಂಗಸಿಗೆ ಅರ್ಧ ಗಂಟೆ ಸಿಗುವ ದಾರಿ ಅದೊಂದೇ.

ಜಾಗ ಮತ್ತು ಹೊತ್ತು ಕೊಡಿ. ಆಯುಷ್ ಕೇಂದ್ರಗಳಲ್ಲಿ ಯೋಗ ಹೇಳಿಕೊಡುವವರಿದ್ದಾರೆ, ಅವರಿಗೆ ಆಪರೇಷನ್ ಆದವರಿಗೆ ಏನು ಮಾಡಿಸಬೇಕು, ಏನು ಬೇಡ ಅನ್ನುವ ತರಬೇತಿ ಕೊಡಿ. ಆಸನದ ಜೊತೆ ಭಾರ ಎತ್ತುವುದನ್ನೂ ಸೇರಿಸಿ. ನೀರು ತುಂಬಿದ ಲೀಟರ್ ಬಾಟಲಿ ಸಾಕು ಶುರುಮಾಡಲು. ಸ್ತ್ರೀ ಶಕ್ತಿ ಸಂಘದವರು ವಾರಕ್ಕೊಮ್ಮೆ ಹೇಗೂ ಸೇರುತ್ತಾರೆ, ಉಳಿತಾಯದ ಲೆಕ್ಕಕ್ಕೆ ಮೊದಲು ಅರ್ಧ ಗಂಟೆ ಅಲ್ಲೇ ಆಗಬಹುದು. ಗುಂಪಿನಲ್ಲಿ ಎಲ್ಲರೂ ಮಾಡಿದರೆ ಯಾರಿಗೆ ಜೀನ್ ಇದೆ, ಯಾರಿಗೆ ಇಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇದು ನಮಗೆ ಎಷ್ಟು ದೊಡ್ಡ ನೆಮ್ಮದಿ ಗೊತ್ತಾ? ಇನ್ನು ಓಡಾಟದ ಖರ್ಚು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ ಫ್ರೀ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ ಹೆಂಗಸರಿಗಾಗಿಯೇ ಒಂದು ಹೊತ್ತು ಇಡಿ, ಬರುವವರು ಬರುತ್ತಾರೆ.

ಕೊನೆಯದು ನಿಮ್ಮೊಬ್ಬರ ಕೈಯಲ್ಲಿಲ್ಲ. ಈ ಪತ್ರದ ಒಂದು ಪ್ರತಿ ಶಿಕ್ಷಣ ಇಲಾಖೆಗೂ ಕಳಿಸುತ್ತಿದ್ದೇನೆ. ಹದಿನೆಂಟು ತುಂಬದ ಮಕ್ಕಳಿಗೆ ಬಿಆರ್‌ಸಿಎ ಟೆಸ್ಟ್ ಮಾಡುವುದಿಲ್ಲ, ಮಾಡಲೂಬಾರದು. ದೊಡ್ಡವರಾದ ಮೇಲೆ ಬೇಕೋ ಬೇಡವೋ ಅವರೇ ತೀರ್ಮಾನಿಸಲಿ. ಹಾಗಾಗಿ ನನ್ನ ಕ್ಲಾಸಿನಲ್ಲಿ ಕೂತಿರುವ ಹುಡುಗಿಯರಲ್ಲಿ ಯಾರಿಗೆ ಅದಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನನ್ನ ಮಗಳಿಗೆ ಇದೆಯಾ ಅಂತಲೂ ಗೊತ್ತಿಲ್ಲ. ಗೊತ್ತಾಗದ ಆ ವಯಸ್ಸಿನಲ್ಲೇ ಆಟ ಓಟಕ್ಕೆ ಬೆಲೆ ಇದೆ ಅನ್ನುವ ಸುಳಿವು ಇರುವಾಗ ಎಲ್ಲ ಹುಡುಗಿಯರನ್ನೂ ಆಡಿಸುವುದು ಬಿಟ್ಟು ಬೇರೆ ದಾರಿ ಏನಿದೆ? ನಾವು ಮಾಡುತ್ತಿರುವುದು ಉಲ್ಟಾ. ಎಂಟನೇ ಕ್ಲಾಸಿಗೆ ಬಂದು ಮೈನೆರೆದ ಹುಡುಗಿ ಪಿಟಿ ಪೀರಿಯಡ್ಡಿನಲ್ಲಿ ಮರದ ಕೆಳಗೆ ಕೂರುತ್ತಾಳೆ, ಯಾರೂ ಎಬ್ಬಿಸುವುದಿಲ್ಲ. ಹತ್ತನೇ ಕ್ಲಾಸಿಗೆ ಬಂದರೆ ಪಿಟಿ ಪೀರಿಯಡ್ಡೇ ಗಣಿತಕ್ಕೆ ಹೋಗುತ್ತದೆ. ಯೂನಿಫಾರ್ಮಿನಲ್ಲಿ ಓಡಲು ಆಗುವುದಿಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ, ಪ್ಯಾಡ್ ಬಿಸಾಕಲು ಡಬ್ಬ ಇಲ್ಲ, ಎಷ್ಟೋ ಶಾಲೆಯಲ್ಲಿ ಪಿಟಿ ಮೇಡಂ ಇಲ್ಲ. ಹತ್ತನೇ ಕ್ಲಾಸಿನ ಹುಡುಗಿಯರಿಗೂ ಟೈಮ್ ಟೇಬಲ್ಲಿನಲ್ಲಿ ಆಟದ ಪೀರಿಯಡ್ ಇರಲಿ, ಅದನ್ನು ಯಾವ ಮೇಷ್ಟ್ರೂ ತೆಗೆದುಕೊಳ್ಳಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ನಮ್ಮ ಶಾಲೆಯಲ್ಲಿ ಅದನ್ನು ಜಾರಿಗೆ ತರುವ ಜವಾಬ್ದಾರಿ ನನಗಿರಲಿ. ಗಣಿತದ ಮೇಷ್ಟ್ರ ಜೊತೆ ಜಗಳ ಆಗುತ್ತದೆ, ಆಗಲಿ.

ಇಂತಿ,
ದಾವಣಗೆರೆ ಜಿಲ್ಲೆಯ ಒಬ್ಬ ಹೈಸ್ಕೂಲು ಶಿಕ್ಷಕಿ